ಬಿದನೂರು ಬೀಳದೇ ಹೋಗಿದ್ದರೆ

1763ರ ಆರಂಭದ ತಿಂಗಳುಗಳಲ್ಲಿ ಹೈದರ್ ಅಲಿಯ ದಂಡು ಶಿವಮೊಗ್ಗ ದಾಟಿ ಕುಂಸಿ, ಆನಂದಪುರದ ದಾರಿ ಹಿಡಿದು ಕೆಳದಿ ಸಂಸ್ಥಾನದ ರಾಜಧಾನಿ ಬಿದನೂರಿನ ಕಡೆಗೆ ಬರುತ್ತಿತ್ತು. ಸಂಸ್ಥಾನದ ರಾಣಿ ವೀರಮ್ಮಾಜಿಯ ಕಡೆಯವರು ದಾರಿಯುದ್ದಕ್ಕೂ ಅವನನ್ನು ಎದುರುಗೊಂಡು, ಹಿಂದಿರುಗಿದರೆ ಇಷ್ಟು ವರಹ ಕೊಡುತ್ತೇವೆ ಎನ್ನುತ್ತಿದ್ದರು. ದಂಡು ಒಂದು ಮಜಲು ಮುಂದೆ ಬಂದಂತೆ ಆ ಮೊತ್ತಕ್ಕೆ ಇನ್ನಷ್ಟು ಲಕ್ಷಗಳು ಸೇರುತ್ತಿದ್ದವು. ಹೈದರ್ ನಿಲ್ಲಲಿಲ್ಲ. ಹಿಂದೆ ಮಂತ್ರಿಯಾಗಿದ್ದ ಲಿಂಗಣ್ಣ ಎಂಬಾತ ಕುಂಸಿಯಲ್ಲಿ ಸೆರೆಯಲ್ಲಿದ್ದ. ಬಿದನೂರಿನ ಒಳಗೆ ಹೋಗುವ ಗುಟ್ಟಿನ ಕಾಡುದಾರಿಯೊಂದನ್ನು ಅವನು ಹೈದರನಿಗೆ ಹೇಳಿದ. ಮಾರ್ಚ್ ತಿಂಗಳಲ್ಲಿ ಹೆಬ್ಬಾಗಿಲುಗಳ ಕಡೆ ದೊಡ್ಡ ಗದ್ದಲದ ಹುಸಿ ದಾಳಿ ನಡೆಯುತ್ತಿದ್ದಾಗ, ಆಯ್ದ ಪಡೆಯೊಂದು ಆ ದಾರಿಯಲ್ಲಿ ನುಗ್ಗಿ ಊರನ್ನು ಹಿಡಿಯಿತು. ರಾಣಿ ಅರಮನೆಗೆ ಬೆಂಕಿ ಹಚ್ಚಿಸಿ ಬಲ್ಲಾಳರಾಯನದುರ್ಗಕ್ಕೆ ಪಾರಾದಳು. ಊರ ಜನ ಕಾಡು ಸೇರಿದರು. ಹೈದರ್ ಬೆಂಕಿ ಆರಿಸಿ, ಮನೆಮನೆಯ ಬಾಗಿಲಿಗೆ ಮುದ್ರೆ ಒತ್ತಿಸಿದ. ಸುಮಾರು 260 ವರ್ಷ ಆಳಿದ ಒಂದು ಮನೆತನ ಅಲ್ಲಿಗೆ ಮುಗಿಯಿತು.

ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಇತಿಹಾಸದ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ: ಆ ಲಿಂಗಣ್ಣ ಬಾಯಿ ಬಿಡದೇ ಹೋಗಿದ್ದರೆ? ಬಿದನೂರು ಉಳಿದಿದ್ದರೆ? ಕೇಳಿದವರಲ್ಲಿ ಅರ್ಧ ಜನ ನಿಟ್ಟುಸಿರು ಬಿಡುತ್ತಾರೆ. ಇನ್ನರ್ಧ ಜನ 'ಆಗಿಹೋದದ್ದಕ್ಕೆ ಈಗ ಯಾಕೆ ತಲೆ ಕೆಡಿಸಿಕೊಳ್ಳುವುದು' ಎಂದು ಎದ್ದು ಹೋಗುತ್ತಾರೆ. ಈ ಪ್ರಶ್ನೆ ಕೇಳತಕ್ಕದ್ದೇ ಎಂದು ನಾನು ನಂಬಿದ್ದೇನೆ. ಆದರೆ ಕೇಳುವುದಕ್ಕೂ ಒಂದು ಕ್ರಮ ಬೇಕು.

ಹೀಗಾಗಿದ್ದರೆ ಏನಾಗುತ್ತಿತ್ತು ಎಂಬ ವಿಚಾರ ಇತಿಹಾಸ ಬರವಣಿಗೆಯಷ್ಟೇ ಹಳೆಯದು. ರೋಮಿನ ಚರಿತ್ರೆ ಬರೆದ ಲಿವಿ ಎರಡು ಸಾವಿರ ವರ್ಷದ ಹಿಂದೆಯೇ, ಅಲೆಕ್ಸಾಂಡರ್ ಪಶ್ಚಿಮಕ್ಕೆ ತಿರುಗಿ ರೋಮಿನ ಮೇಲೆ ಬಂದಿದ್ದರೆ ಗೆಲುವು ಯಾರದಾಗುತ್ತಿತ್ತು ಎಂದು ಪುಟಗಟ್ಟಲೆ ಚರ್ಚಿಸಿದ. ಕಳೆದ ಶತಮಾನದಲ್ಲಿ ಇ. ಎಚ್. ಕಾರ್ ಇದನ್ನು ಹೊತ್ತು ಕಳೆಯುವ ಆಟ ಎಂದು ತಳ್ಳಿಹಾಕಿದರು. 1997ರಲ್ಲಿ ನೀಲ್ ಫರ್ಗ್ಯೂಸನ್ ಇಂಥ ಬರಹಗಳದೇ ಒಂದು ಸಂಪುಟ ತಂದು, ಅದರಲ್ಲಿ ಒಂದು ಗೆರೆ ಎಳೆದರು. ಆ ಕಾಲದ ಜನ ತಮ್ಮ ಮುಂದಿದ್ದ ದಾರಿಗಳೆಂದು ನಿಜವಾಗಿ ಯೋಚಿಸಿದ್ದವನ್ನು ಮಾತ್ರ ನಾವು ಪರಿಗಣಿಸಬೇಕು ಎಂಬುದು ಆ ಗೆರೆ. ಫರ್ಗ್ಯೂಸನ್ನರ ಉಳಿದ ತೀರ್ಮಾನಗಳು ನನಗೆ ಒಪ್ಪಿಗೆಯಲ್ಲ, ಈ ಒಂದು ನಿಯಮ ಮಾತ್ರ ಒಪ್ಪಿಗೆ. ಬಿದನೂರಿನವರ ಹತ್ತಿರ ವಿಮಾನ ಇದ್ದಿದ್ದರೆ ಎಂದು ಕೇಳುವುದರಲ್ಲಿ ಹುರುಳಿಲ್ಲ. ವೀರಮ್ಮಾಜಿಯ ಮುಂದೆ ಆ ದಿನ ಯಾವ ಯಾವ ದಾರಿ ಇತ್ತು ಎಂದು ಕೇಳಿದರೆ ನಮಗೆ ಏನಾದರೂ ಸಿಕ್ಕೀತು.

ಲಿಂಗಣ್ಣನಿಂದಲೇ ಶುರು ಮಾಡೋಣ. ಅವನು ದಾರಿ ತೋರಿಸದೇ ಇದ್ದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಉತ್ತರ ಮಲೆನಾಡಿನ ಮಳೆಯಲ್ಲಿದೆ. ಬಿದನೂರು ಇದ್ದದ್ದು ಘಟ್ಟದ ಅಂಚಿನಲ್ಲಿ. ಸುತ್ತ ಗುಡ್ಡ, ದಟ್ಟ ಕಾಡು, ಪ್ರವೇಶಕ್ಕೆ ಕಾವಲಿನ ಕಡಿದಾದ ಹಾದಿಗಳು. ಇವತ್ತಿಗೂ ನಗರ (ಬಿದನೂರಿನ ಈಗಿನ ಹೆಸರು), ಹುಲಿಕಲ್ಲಿನ ಮಳೆ ಎಂದರೆ ರಾಜ್ಯವೇ ಬೆರಗಾಗುವ ಮಳೆ. ಜೂನ್ ಹಿಡಿಯಿತೆಂದರೆ ಅಲ್ಲಿ ಫಿರಂಗಿ ಎಳೆಯುವ ಎತ್ತು ಕೆಸರಿನಿಂದ ಕಾಲೆತ್ತುವುದಿಲ್ಲ, ಮದ್ದು ಒಣಗುವುದಿಲ್ಲ, ಬಯಲುಸೀಮೆಯ ಕುದುರೆಗೆ ಮೇವಿಲ್ಲ. ಆ ಗುಟ್ಟಿನ ದಾರಿ ಹೈದರನಿಗೆ ಉಳಿಸಿಕೊಟ್ಟದ್ದು ಬಹುಶಃ ಮೂರು ತಿಂಗಳು. ಆದರೆ ಮಾರ್ಚಿನಿಂದ ಜೂನ್‌ವರೆಗಿನ ಆ ಮೂರು ತಿಂಗಳೇ ಎಲ್ಲವೂ. ಮುತ್ತಿಗೆ ಅಲ್ಲಿಗೆ ತಲುಪಿದ್ದರೆ ಅವನು ಶಿವಮೊಗ್ಗದ ಬಯಲಿಗೆ ಇಳಿಯಲೇಬೇಕಿತ್ತು.

ಆ ಮಳೆಗಾಲದಲ್ಲಿ ರಾಣಿ ಯಾರ ನೆರವು ಕೇಳಬಹುದಿತ್ತು? ಹೈದರನನ್ನು ತಡೆಯುವ ಶಕ್ತಿ ಇದ್ದದ್ದು ಮರಾಠರಿಗೆ. ಆದರೆ 1761ರ ಜನವರಿಯಲ್ಲಿ ಪಾಣಿಪತ್ತಿನಲ್ಲಿ ಅವರ ಬೆನ್ನುಮೂಳೆ ಮುರಿದಿತ್ತು. ಹೈದರ್ ತಲೆಯೆತ್ತಿದ್ದೇ ಆ ಬಿಡುವಿನಲ್ಲಿ. 1763ರಲ್ಲಿ ಪೇಶ್ವೆ ಮಾಧವರಾಯ ನಿಜಾಮನ ಜೊತೆಗಿನ ಯುದ್ಧದಲ್ಲಿದ್ದ. ಆಗಸ್ಟ್‌ನಲ್ಲಿ ರಾಕ್ಷಸಭುವನದಲ್ಲಿ ಗೆದ್ದ ಮೇಲೆಯೇ ಅವನಿಗೆ ದಕ್ಷಿಣಕ್ಕೆ ತಿರುಗಲು ಸಾಧ್ಯವಾದದ್ದು. 1764ರಲ್ಲಿ ಅವನು ಬಂದ. ಬಂದವನು ಹೈದರನನ್ನು ಬಿದನೂರಿನ ಕಾಡಿನವರೆಗೂ ಅಟ್ಟಿ, 1765ರಲ್ಲಿ ಹಣ ಮತ್ತು ಸೀಮೆ ಕಿತ್ತುಕೊಂಡು ಹೋದ. ಅಂದರೆ ಬಿದನೂರು ಇನ್ನೊಂದು ವರ್ಷ ತಡೆದು ನಿಂತಿದ್ದರೆ ಮರಾಠರ ನೆರವು ಸಿಗುವ ಸಂಭವ ಗಟ್ಟಿಯಾಗಿಯೇ ಇತ್ತು.

ಆ ನೆರವು ಪುಕ್ಕಟೆಯಾಗಿ ಬರುತ್ತಿರಲಿಲ್ಲ. ನಿಟ್ಟುಸಿರು ಬಿಡುವವರು ಮರೆಯುವುದು ಇದನ್ನೇ. ಬಿದನೂರು ಮರಾಠರಿಗೆ ಚೌತ್ ಎಂಬ ಕಪ್ಪ ಕೊಡುವ ಸಂಸ್ಥಾನವಾಗುತ್ತಿತ್ತು. ಆ ಮೇಲಿನ ಅರ್ಧ ಶತಮಾನ ಪುಣೆಯ ಕಡೆ ನೋಡುತ್ತ, 1818ರಲ್ಲಿ ಪೇಶ್ವೆಗಳೇ ಮುಗಿದಾಗ ಇಂಗ್ಲಿಷರ ಜೊತೆ ಕರಾರು ಮಾಡಿಕೊಂಡು, ಸಂಡೂರು, ಸವಣೂರು, ಜಮಖಂಡಿಗಳ ಸಾಲಿನಲ್ಲಿ ಒಂದು ಪುಟ್ಟ ಸಂಸ್ಥಾನವಾಗಿ ಉಳಿಯುತ್ತಿತ್ತು ಎಂಬುದು ನನ್ನ ಲೆಕ್ಕ. ಸಮುದ್ರದ ಅಂಚಿನ ಸೀಮೆಯಂತೂ ಮುಂಬಯಿಯ ಕಂಪನಿಯವರ ಕಣ್ಣಿಗೆ ಬಿದ್ದೇ ಬೀಳುತ್ತಿತ್ತು. ಸ್ವತಂತ್ರವಾದ ಸುವರ್ಣ ಬಿದನೂರು ಎಂಬ ಕನಸಿಗೆ ಈ ದಾರಿಯಲ್ಲಿ ಎಡೆಯಿಲ್ಲ.

ಹೆಚ್ಚು ಬದಲಾಗುತ್ತಿದ್ದದ್ದು ಮೈಸೂರು. ತನ್ನ ಮುಂದಿನ ಏಳಿಗೆಗೆಲ್ಲ ಬುನಾದಿ ಬಿದನೂರು ಎಂದು ಹೈದರನೇ ಭಾವಿಸಿದ್ದ ಎಂಬುದನ್ನು ಮೈಸೂರಿನ ಚರಿತ್ರೆ ಬರೆದ ವಿಲ್ಕ್ಸ್ ದಾಖಲಿಸಿದ್ದಾನೆ. ಸಿಕ್ಕಿದ ಸಂಪತ್ತು ಒಂದು ಕೋಟಿ ಇಪ್ಪತ್ತು ಲಕ್ಷ ಪೌಂಡ್ ಎಂಬ ಅವನ ಅಂದಾಜನ್ನು ನಾನು ನಂಬುವುದಿಲ್ಲ, ಅದು ಕೇಳಿದವರ ಬಾಯಲ್ಲಿ ಬೆಳೆದ ಮೊತ್ತ. ಆದರೆ ಖಜಾನೆ ದೊಡ್ಡದಿತ್ತು, ಮಂಗಳೂರಿನ ಬಂದರು ಜೊತೆಗೆ ಬಂತು, ಮೆಣಸು, ಅಕ್ಕಿ, ಗಂಧದ ವ್ಯಾಪಾರ ಕೈಗೆ ಸಿಕ್ಕಿತು. ಇವಿಲ್ಲದ ಹೈದರ್ 1769ರಲ್ಲಿ ಮದರಾಸಿನ ಬಾಗಿಲಿಗೆ ಹೋಗಿ ಇಂಗ್ಲಿಷರಿಂದ ಒಪ್ಪಂದ ಬರೆಸಿಕೊಳ್ಳುತ್ತಿದ್ದನೇ? ನನಗೆ ಅನುಮಾನ.

ಬಿದನೂರಿಗೆ ಹೈದರನಗರ ಎಂದು ಹೆಸರಿಟ್ಟು ಅಲ್ಲಿಯೇ ನೆಲೆ ನಿಲ್ಲಲು ಅವನು ಹೊರಟಿದ್ದ. ಟಂಕಸಾಲೆ ತೆರೆದ. ಹಳೆಯ ಅಧಿಕಾರಿಗಳು ಅವನನ್ನು ಕೊಲ್ಲಲು ಹೂಡಿದ ಸಂಚು ಬಯಲಾಗಿ, ಮುನ್ನೂರಕ್ಕೂ ಹೆಚ್ಚು ಜನರನ್ನು ಗಲ್ಲಿಗೇರಿಸಿದ. ಆ ಟಂಕಸಾಲೆಯಲ್ಲಿ ಅಚ್ಚಾದ ಬಹದ್ದೂರಿ ವರಹವನ್ನು ಅಂಗೈಯ ಮೇಲಿಟ್ಟು ನೋಡಬೇಕು. ಕಿರುಬೆರಳ ಉಗುರಿಗಿಂತ ಅಷ್ಟೇನೂ ದೊಡ್ಡದಲ್ಲ. ಒಂದು ಮಗ್ಗುಲಲ್ಲಿ ಶಿವನೂ ಪಾರ್ವತಿಯೂ ಕೂತಿದ್ದಾರೆ. ಕೆಳದಿಯವರ ಇಕ್ಕೇರಿ ವರಹಗಳಲ್ಲಿ ಸದಾಶಿವ ನಾಯಕನ ಕಾಲದಿಂದ ನಡೆದುಬಂದ ಚಿತ್ರ ಅದು. ಇನ್ನೊಂದು ಮಗ್ಗುಲಲ್ಲಿ ಹೈದರನ ಹೆಸರಿನ ಮೊದಲ ಪಾರಸಿ ಅಕ್ಷರ. ಕೆಳದಿಯ ನಾಣ್ಯಕ್ಕೆ ಪೇಟೆಯಲ್ಲಿ ಇದ್ದ ನಂಬಿಕೆಯನ್ನು ಕಳೆದುಕೊಳ್ಳಲು ಅವನಿಗೆ ಮನಸ್ಸಿರಲಿಲ್ಲ. ಇವತ್ತು 'ಹಾಗಾಗಿದ್ದರೆ' ಎಂಬ ಪ್ರಶ್ನೆಯನ್ನು ಒಂದು ಧರ್ಮದವರ ಮೇಲಿನ ಸಿಟ್ಟಿಗೆ ಎಣ್ಣೆಯಾಗಿ ಸುರಿಯುವವರು ಹೆಚ್ಚುತ್ತಿದ್ದಾರೆ. ಅವರು ಈ ವರಹದ ಎರಡೂ ಮಗ್ಗುಲನ್ನು ನೋಡಬೇಕು. ಗಲ್ಲಿಗೇರಿದ ಆ ಮುನ್ನೂರು ಜನರನ್ನು ಮರೆಯಬೇಕೆಂದು ನಾನು ಹೇಳುತ್ತಿಲ್ಲ. ಎರಡೂ ಒಬ್ಬನೇ ಮನುಷ್ಯನ ಕೆಲಸ.

ಲಿಂಗಣ್ಣನ ಮೇಲೆ ಎಲ್ಲ ಹೊರೆ ಹೊರಿಸಿದರೆ ನಮಗೆ ಹಿಂದಿನ ಕಾರಣಗಳು ಕಾಣುವುದಿಲ್ಲ. ಕೆಳದಿಯವರ ರಾಜಧಾನಿ ಕೈತಪ್ಪಿದ್ದು 1763ರಲ್ಲಿ ಮೊದಲಲ್ಲ. ಬಿಜಾಪುರದ ರಣದುಲ್ಲಾ ಖಾನ್ ಇಕ್ಕೇರಿಯನ್ನು ಹಿಡಿದಾಗ ವೀರಭದ್ರ ನಾಯಕ ಒಳಗಿನ ಬಿದನೂರಿಗೆ ಸರಿದು, 1639ರ ಹೊತ್ತಿಗೆ ಅಲ್ಲಿಂದ ಆಳತೊಡಗಿದ. 1663ರ ಸುಮಾರಿಗೆ ಎರಡನೇ ಅಲಿ ಆದಿಲ್‌ಶಾಹನ ಪಡೆ ಬಿದನೂರನ್ನೇ ಹೊಕ್ಕಾಗ ಭದ್ರಪ್ಪ ನಾಯಕ ಭುವನಗಿರಿಗೆ, ಎಂದರೆ ತೀರ್ಥಹಳ್ಳಿ ಸೀಮೆಯ ಕವಲೇದುರ್ಗಕ್ಕೆ ಹೋಗಿ ಕೂತ. ಕವಲೇದುರ್ಗ ಹತ್ತಿದವರಿಗೆ ಅದು ಯಾಕೆಂದು ಗೊತ್ತಾಗುತ್ತದೆ. ಒಂದರ ಒಳಗೊಂದು ಸುತ್ತುಗೋಟೆ, ಬಂಡೆಯಲ್ಲೇ ಕೊರೆದ ನೀರಿನ ಕೊಳಗಳು, ಅರಮನೆಯ ಅಡುಗೆಮನೆಯಲ್ಲಿ ಇನ್ನೂ ಉಳಿದಿರುವ ಕಲ್ಲಿನ ಒಲೆ. ತಿಂಗಳುಗಟ್ಟಲೆ ಸಂಸಾರ ಹೂಡಿ ಕೂರಬಹುದಾದ ಜಾಗ ಅದು. ಎರಡು ಸಲವೂ ಊರು ಹೋಯಿತು, ಸಂಸ್ಥಾನ ಉಳಿಯಿತು. ಮೂರನೇ ಸಲ ಯಾಕೆ ಉಳಿಯಲಿಲ್ಲ?

ನನ್ನ ಉತ್ತರ 1754ರಲ್ಲಿದೆ. ಇಮ್ಮಡಿ ಬಸಪ್ಪ ನಾಯಕ ಆ ವರ್ಷ ಮಕ್ಕಳಿಲ್ಲದೆ ತೀರಿಕೊಂಡ. ದತ್ತು ಬಂದ ಹುಡುಗ ಚೆನ್ನಬಸಪ್ಪ ಪಟ್ಟಕ್ಕೆ ಬಂದು 1757ರಲ್ಲಿ ಇಲ್ಲವಾದ. ಬಸಪ್ಪನ ವಿಧವೆ ರಾಣಿ ವೀರಮ್ಮಾಜಿಯೇ ಜಟ್ಟಿಯೊಬ್ಬನಿಂದ ಕೊಲ್ಲಿಸಿದಳು ಎಂಬ ಮಾತು ಊರೆಲ್ಲ ಹಬ್ಬಿತು. ಅದು ನಿಜವೋ ಸುಳ್ಳೋ, ಜನ ನಂಬಿದರು ಎಂಬುದೇ ರಾಜಕೀಯದಲ್ಲಿ ಸಾಕಾದ ಸಂಗತಿ. ಅವಳು ಮತ್ತೊಬ್ಬ ಹುಡುಗನನ್ನು ದತ್ತು ತೆಗೆದುಕೊಂಡಳು. ಇತ್ತ 'ನಾನೇ ಚೆನ್ನಬಸಪ್ಪ, ಜಟ್ಟಿ ನನ್ನನ್ನು ಕೊಲ್ಲದೆ ಬಚ್ಚಿಟ್ಟ' ಎಂದು ಒಬ್ಬ ಯುವಕ ಚಿತ್ರದುರ್ಗದ ಪಾಳೆಯಗಾರನ ಆಸರೆಯಲ್ಲಿ ಕಾಣಿಸಿಕೊಂಡ. ಹೈದರನಿಗೆ ನೆಪ ಸಿಕ್ಕಿದ್ದು ಅದೇ. ಆ ಯುವಕನಿಗೆ ಪಟ್ಟ ಕೊಡಿಸಲು ಬಂದವನು, ಗೆದ್ದ ಮೇಲೆ ರಾಣಿ, ಅವಳ ದತ್ತುಮಗ, ಆ ಯುವಕ ಮೂವರನ್ನೂ ಮಧುಗಿರಿಯ ಕೋಟೆಗೆ ಸೆರೆ ಕಳಿಸಿದ. 1767ರಲ್ಲಿ ಮರಾಠರು ಬಿಡಿಸಿದರು, ಪುಣೆಗೆ ಹೋಗುವ ದಾರಿಯಲ್ಲಿ ವೀರಮ್ಮಾಜಿ ತೀರಿಕೊಂಡಳು.

ಹಿಂದಿನ ಎರಡು ಸೋಲುಗಳಲ್ಲಿ ಕಾಡಿಗೆ ಸರಿದ ಅರಸನ ಹಿಂದೆ ಜನ ನಿಂತಿದ್ದರು. ಮೂರನೆಯದರಲ್ಲಿ ಯಾರ ಹಿಂದೆ ನಿಲ್ಲಬೇಕೆಂಬುದೇ ಗೊತ್ತಿರಲಿಲ್ಲ. ಆದ್ದರಿಂದ ನಾನು ಕೇಳುವ ಪ್ರಶ್ನೆ ಬೇರೆ: 1754ರಲ್ಲಿ ಬಸಪ್ಪ ನಾಯಕನಿಗೆ ಪ್ರಾಯಕ್ಕೆ ಬಂದ ಮಗನೊಬ್ಬ ಇದ್ದಿದ್ದರೆ? ಲಿಂಗಣ್ಣ ಸೆರೆಮನೆಯಲ್ಲೇ ಇರುತ್ತಿರಲಿಲ್ಲ.

ಇನ್ನೊಂದು ಕವಲು ಇದಕ್ಕಿಂತ ನೂರು ವರ್ಷ ಹಿಂದಿನದು. ಶಿವಪ್ಪ ನಾಯಕ 1645ರಲ್ಲಿ ಪಟ್ಟಕ್ಕೆ ಬಂದ. 1652ರಿಂದ 1654ರ ಒಳಗೆ ಹೊನ್ನಾವರ, ಬಸರೂರು, ಗಂಗೊಳ್ಳಿ, ಮಂಗಳೂರುಗಳಿಂದ ಪೋರ್ಚುಗೀಸರನ್ನು ಹೊರಗಟ್ಟಿದ. ಗೋವೆಯ ಊಟದ ಅಕ್ಕಿ ಹೋಗುತ್ತಿದ್ದದ್ದೇ ಬಸರೂರು, ಮಂಗಳೂರುಗಳಿಂದ. ಆ ಹೊತ್ತಿಗೆ ಪೋರ್ಚುಗೀಸರು ಎಲ್ಲ ಕಡೆಯೂ ಸೋಲುತ್ತಿದ್ದರು: 1650ರಲ್ಲಿ ಮಸ್ಕತ್ ಅರಬರ ಪಾಲಾಯಿತು, 1656ರಲ್ಲಿ ಕೊಲಂಬೊ, 1663ರಲ್ಲಿ ಕೊಚ್ಚಿ ಡಚ್ಚರ ಪಾಲಾದವು. ವಿಜಯನಗರದ ಕೊನೆಯ ದೊರೆ ಮೂರನೇ ಶ್ರೀರಂಗನಿಗೆ ಶಿವಪ್ಪ ಆಸರೆ ಕೊಟ್ಟಿದ್ದ, ಅವನ ಪರವಾಗಿ ಶ್ರೀರಂಗಪಟ್ಟಣದವರೆಗೂ ದಂಡೆತ್ತಿ ಹೋಗಿದ್ದ. 1660ರಲ್ಲಿ ಅವನು ತೀರಿಕೊಂಡ. ಮುಂದಿನ ನಾಲ್ಕು ವರ್ಷಗಳಲ್ಲಿ ಇಬ್ಬರು ದೊರೆಗಳು ಬಂದು ಹೋದರು. 1665ರ ಫೆಬ್ರವರಿಯಲ್ಲಿ ಶಿವಾಜಿಯ ಹಡಗುಗಳು ಬಸರೂರನ್ನು ಸೂರೆ ಮಾಡಿದವು. 1671, 1678ರ ಒಪ್ಪಂದಗಳೊಂದಿಗೆ ಪೋರ್ಚುಗೀಸರು ಕೋಠಿ ಕಟ್ಟಿಕೊಂಡು ಮರಳಿದರು.

ಶಿವಪ್ಪನಿಗೆ ಇನ್ನು ಹತ್ತು ವರ್ಷ ಆಯುಸ್ಸಿದ್ದರೆ ಪಡುವಣ ಕರಾವಳಿಯಲ್ಲಿ ಕನ್ನಡದವರ ಒಂದು ಕಡಲ ಶಕ್ತಿ ಎದ್ದೀತೇ? ಮಸ್ಕತ್ತನ್ನು ಗೆದ್ದ ಒಮಾನಿಗಳು ಕೆಲವೇ ದಶಕಗಳಲ್ಲಿ ದೊಡ್ಡ ನೌಕಾಪಡೆ ಕಟ್ಟಿ ಪೂರ್ವ ಆಫ್ರಿಕದವರೆಗೂ ಹೋದರು. ಬಿದನೂರಿಗೆ ಮರ ಇತ್ತು, ಬಂದರು ಇತ್ತು, ಹಣ ಇತ್ತು. ಆದರೆ ಅದರ ಅರಸರಿಗೆ ಸಮುದ್ರ ಎಂದರೆ ಸುಂಕ ಬರುವ ಬಾಗಿಲಾಗಿತ್ತು. ಅಕ್ಕಿ, ಮೆಣಸು ಮಾರಿದರೆ ಸಾಕು, ಹಡಗು ಕೊಳ್ಳುವವನದ್ದು. ಈ ಮನೋಭಾವ ಒಬ್ಬನ ಆಯುಸ್ಸು ಹತ್ತು ವರ್ಷ ಹೆಚ್ಚಿದರೆ ಬದಲಾಗುವಂಥದ್ದಲ್ಲ ಎಂದೇ ನನಗೆ ಅನ್ನಿಸುತ್ತದೆ.

ಇಡೀ ದೇಶದ ಇತಿಹಾಸ ಮಲೆನಾಡಿನ ಒಂದು ತೀರ್ಮಾನದ ಮೇಲೆ ನಿಂತ ಗಳಿಗೆಯೂ ಒಂದಿದೆ. 1689ರ ಮಾರ್ಚ್‌ನಲ್ಲಿ ಔರಂಗಜೇಬ ಮರಾಠ ದೊರೆ ಸಂಭಾಜಿಯನ್ನು ಕೊಲ್ಲಿಸಿದ. ಸಂಭಾಜಿಯ ತಮ್ಮ ರಾಜಾರಾಮ ರಾಯಗಡ ಬಿಟ್ಟು, ವೇಷ ಮರೆಸಿಕೊಂಡು ದಕ್ಷಿಣಕ್ಕೆ ಓಡಿದ. ರಾಯಗಡ ಬಿದ್ದಾಗ ಸಂಭಾಜಿಯ ಹೆಂಡತಿ ಯೇಸೂಬಾಯಿ, ಮಗ ಶಾಹು ಮೊಗಲರ ಸೆರೆಯಾದರು. ಶಿವಾಜಿಯ ವಂಶದಲ್ಲಿ ಹೊರಗುಳಿದ ದೊರೆ ರಾಜಾರಾಮ ಒಬ್ಬನೇ. ಅವನು ತಮಿಳು ನಾಡಿನ ಜಿಂಜಿ ಕೋಟೆ ತಲುಪಬೇಕಾದರೆ ಬಿದನೂರಿನ ಸೀಮೆ ದಾಟಬೇಕಿತ್ತು. ಆಗ ಆಳುತ್ತಿದ್ದ ಕೆಳದಿಯ ರಾಣಿ ಚೆನ್ನಮ್ಮ ಅವನಿಗೆ ಆಸರೆ ಕೊಟ್ಟು ದಾಟಿಸಿದಳು. ಔರಂಗಜೇಬ ಜಾನ್ ನಿಸಾರ್ ಖಾನನನ್ನು ಕಳಿಸಿದ, ಯುದ್ಧವಾಯಿತು, ಕೊನೆಗೆ ಸಂಧಿಯಾಯಿತು.

ಅವಳು ಒಪ್ಪಿಸಿಬಿಟ್ಟಿದ್ದರೆ? ಆ ಮಾತು ಅವಳ ಮಂತ್ರಿಗಳಿಗೆ ಹೊಳೆಯದೇ ಇರಲು ಸಾಧ್ಯವಿಲ್ಲ. ಆಗಷ್ಟೇ ಬಿಜಾಪುರ, ಗೋಲ್ಕೊಂಡಗಳನ್ನು ನುಂಗಿದ್ದ ಬಾದಶಹನ ಜೊತೆ ಒಂದು ಚಿಕ್ಕ ಸಂಸ್ಥಾನ ಯಾಕೆ ಸೆಣಸಬೇಕು? ಅವಳು ಒಪ್ಪಿಸಿದ್ದರೆ ಎಂಟು ವರ್ಷ ಮೊಗಲರ ಸೇನೆಯನ್ನು ಹಿಡಿದಿಟ್ಟ ಜಿಂಜಿಯ ಮುತ್ತಿಗೆ ನಡೆಯುತ್ತಿರಲಿಲ್ಲ. ಸಂತಾಜಿ, ಧನಾಜಿಯಂಥ ಸರದಾರರು ಕಾದಾಡುವುದನ್ನು ಬಿಡುತ್ತಿರಲಿಲ್ಲ, ನಿಜ. ಆದರೆ ಯಾರ ಹೆಸರಿನಲ್ಲಿ? ಬಿದನೂರು ಬೀಳದೇ ಹೋಗಿದ್ದರೆ ಎಂದು ಕೊರಗುವ ನಮ್ಮವರು ಚೆನ್ನಮ್ಮ ಹೆದರಿದ್ದರೆ ಎಂದು ಒಮ್ಮೆ ಕೇಳಿಕೊಳ್ಳಲಿ. ಅದರ ಪರಿಣಾಮ ದೆಹಲಿಯವರೆಗೂ ಹರಡುತ್ತಿತ್ತು.

ಅರಸರ ವಿಷಯ ಇಷ್ಟಾಯಿತು. ಗದ್ದೆಯಲ್ಲಿ, ತೋಟದಲ್ಲಿ ಏನು ಬದಲಾಗುತ್ತಿತ್ತು? ನನಗೆ ಹೆಚ್ಚು ಮುಖ್ಯವಾದ ಪ್ರಶ್ನೆ ಇದು, ಇದಕ್ಕೆ ಉತ್ತರವೂ ಹೆಚ್ಚು ಗಟ್ಟಿಯಾಗಿ ಸಿಗುತ್ತದೆ. ಶಿವಪ್ಪ ನಾಯಕನ ಶಿಸ್ತು ಎಂದರೆ ಭೂಮಿಯನ್ನು ಗುಣಕ್ಕೆ ತಕ್ಕಂತೆ ಐದು ದರ್ಜೆ ಮಾಡಿ, ಹಲವು ವರ್ಷದ ಬೆಳೆಯ ಸರಾಸರಿ ಹಿಡಿದು, ಸುಮಾರು ಮೂರರಲ್ಲೊಂದು ಪಾಲನ್ನು ಕಂದಾಯವಾಗಿ ಗೊತ್ತುಮಾಡಿದ ವ್ಯವಸ್ಥೆ. ಅಡಕೆ ತೋಟಕ್ಕೆ ಬೇರೆ ಅಳತೆ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಕಲ್ಲಿನ ಮೆಟ್ಟಿಲಿನ ಉದ್ದವೇ ಅಳತೆಯ ಕೋಲು, ಸುಮಾರು ಹದಿನೆಂಟೂವರೆ ಅಡಿ. ಆ ಕೋಲಿನಿಂದ ಅಳೆದದ್ದು ಒಂದು ದಾಯ, ಸಾವಿರ ದಾಯಕ್ಕೆ ಇಷ್ಟು ಎಂದು ತೆರಿಗೆ. ಅಧಿಕಾರಿ ಕೋಲು ಮೋಸ ಮಾಡಿದ ಎಂದು ಯಾವ ತೋಟಿಗನಿಗಾದರೂ ಅನುಮಾನ ಬಂದರೆ ಇಕ್ಕೇರಿಗೆ ಹೋಗಿ ಮೆಟ್ಟಿಲ ಮೇಲೆ ಕೋಲು ಮಲಗಿಸಿ ನೋಡಬಹುದಿತ್ತು. ಅಳತೆಯನ್ನು ಎಲ್ಲರ ಕಣ್ಣೆದುರು ಕಲ್ಲಿನಲ್ಲಿ ಇಟ್ಟ ಆ ಬುದ್ಧಿ ನನ್ನನ್ನು ಇವತ್ತಿಗೂ ಬೆರಗುಗೊಳಿಸುತ್ತದೆ.

ಬಿದನೂರು ಬಿದ್ದರೂ ಶಿಸ್ತು ಸಾಯಲಿಲ್ಲ. ಹೈದರ್, ಟಿಪ್ಪು ಅದರ ಮೇಲೆ ಹೆಚ್ಚುವರಿ ಹೇರಿದರು. 1799ರಲ್ಲಿ ಕೆನರಾದ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಹಳೆಯ ಬಿದನೂರಿನ ಲೆಕ್ಕಗಳನ್ನು ತೆಗೆಸಿ ಓದಿ, ಅವನ್ನೇ ಆಧಾರ ಮಾಡಿಕೊಂಡ. ಹಾಗೆಯೇ ಗೇಣಿಯೂ ಸಾಯಲಿಲ್ಲ. ಶಿಸ್ತು ಸರ್ಕಾರ ಮತ್ತು ಒಡೆಯನ ನಡುವಿನ ಲೆಕ್ಕ. ಒಡೆಯ ಮತ್ತು ಗೇಣಿದಾರನ ನಡುವಿನ ಅಳತೆಗೆ ಯಾವ ದೇವಸ್ಥಾನದ ಮೆಟ್ಟಿಲೂ ಸಾಕ್ಷಿಯಾಗಿರಲಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ದೀವರ ರೈತರು ಎದ್ದದ್ದು ಒಡೆಯರು ಗೇಣಿ ಅಳೆಯುತ್ತಿದ್ದ ಕೊಳಗದ ಮೇಲೆ. ಎಚ್. ಗಣಪತಿಯಪ್ಪ ಮುಂದಾಳಾದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಬಿದನೂರು ಸಂಸ್ಥಾನ ಉಳಿದಿದ್ದರೂ ಕಾಗೋಡು ನಡೆಯಬೇಕಾಗುತ್ತಿತ್ತು, ಬಹುಶಃ ಅರಸನ ವಿರುದ್ಧವೇ ನಡೆಯುತ್ತಿತ್ತು.

ಕೊನೆಗೆ, ಈ ಪ್ರಶ್ನೆಯನ್ನು ಮೊದಲು ಕೇಳಿದವರು ನಾವಲ್ಲ. ಹೈದರ್ ಬಂದು ಎರಡು ತಲೆಮಾರು ಕಳೆದ ಮೇಲೆ ನಗರ ಸೀಮೆಯ ರೈತರೇ ಅದನ್ನು ಕೇಳಿದರು, ಕೇಳಿ ಸುಮ್ಮನಾಗದೆ ನಡೆಸಿ ನೋಡಿದರು. ಮುಮ್ಮಡಿ ಕೃಷ್ಣರಾಜ ಒಡೆಯರ ಸರ್ಕಾರದ ಶರತ್ತು ಪದ್ಧತಿಯಲ್ಲಿ ಅಮಲ್ದಾರ ಇಷ್ಟು ಹಣ ತಂದೇ ತರುತ್ತೇನೆಂದು ಬರೆದುಕೊಟ್ಟು ಬರುತ್ತಿದ್ದ, ಬಂದವನು ರೈತನನ್ನು ಹಿಂಡುತ್ತಿದ್ದ. 1830ರಲ್ಲಿ ರೈತರು ಕೂಟ ಸೇರಿ ಕಂದಾಯ ನಿಲ್ಲಿಸಿದರು. ಆಗ ಬೂದಿ ಬಸವಪ್ಪ ಎಂಬವನು ನಾನೇ ನಗರದ ಅರಸುಮನೆಯ ವಾರಸುದಾರ ಎಂದು ಮುಂದೆ ಬಂದ. ಹಳೆಯ ಸಂಸ್ಥಾನದ ಮುದ್ರೆಗಳು ಹೇಗೋ ಅವನ ಕೈ ಸೇರಿದ್ದವು ಎಂದು ಬ್ರಿಟಿಷ್ ಅಧಿಕಾರಿಗಳು ಬರೆದಿದ್ದಾರೆ. ಬಾಕಿಯೆಲ್ಲ ಮನ್ನಾ, ಇನ್ನು ಮುಂದೆ ಒಂದು ವರಹ ಕೊಡುವಲ್ಲಿ ಒಂದು ರೂಪಾಯಿ ಕೊಟ್ಟರೆ ಸಾಕು ಎಂದು ಅವನು ಕೌಲು ಹಂಚಿದ. ವರಹಕ್ಕೆ ಮೂರು ರೂಪಾಯಿಯ ಹತ್ತಿರ ಬೆಲೆ ಇದ್ದ ಕಾಲ ಅದು. ಅವನು ನಿಜವಾಗಿ ಆ ವಂಶದವನೇ ಎಂದು ರೈತರು ಬಹಳ ವಿಚಾರಿಸಲಿಲ್ಲ. ಕೆಳದಿಯ ಕಾಲದಲ್ಲಿ ಕಂದಾಯಕ್ಕೊಂದು ಅಳತೆ ಇತ್ತು ಎಂಬುದು ಅವರ ಅಜ್ಜಂದಿರ ನೆನಪಿನಲ್ಲಿತ್ತು, ಅಷ್ಟು ಸಾಕಾಯಿತು.

ದಂಗೆಯನ್ನು ಸೈನ್ಯ ಬಂದು ಅಡಗಿಸಿತು. ಅದನ್ನೇ ಕಾರಣ ಮಾಡಿಕೊಂಡು ಗವರ್ನರ್ ಜನರಲ್ ಬೆಂಟಿಂಕ್ 1831ರ ಅಕ್ಟೋಬರ್‌ನಲ್ಲಿ ಇಡೀ ಮೈಸೂರಿನ ಆಡಳಿತವನ್ನು ಕಂಪನಿಯ ಕೈಗೆ ತೆಗೆದುಕೊಂಡ. ಕೃಷ್ಣರಾಜ ಒಡೆಯರು 1868ರಲ್ಲಿ ತೀರಿಕೊಳ್ಳುವವರೆಗೂ ಅದು ಅವರಿಗೆ ಮರಳಲಿಲ್ಲ. 1881ರಲ್ಲಿ ಚಾಮರಾಜ ಒಡೆಯರಿಗೆ ಮರಳುವ ಹೊತ್ತಿಗೆ ಐವತ್ತು ವರ್ಷ ಕಳೆದಿತ್ತು, ಕಮಿಷನರುಗಳ ಕಾಲದಲ್ಲಿ ಶರತ್ತು ಪದ್ಧತಿಯೂ ಹೋಗಿತ್ತು.